ಆಂಜನಮ್ಮನ ಗಂಡನ ಗೊರಕೆ

ಕಗ್ಗದಾಸಪುರದ ರೈಲ್ವೆ ಗೇಟಿನಿಂದ ಸ್ವಲ್ಪ ಈಚೆಗೆ ಬಂದರೆ ಸಿಗುವ ಅಡ್ಡರಸ್ತೆಯಲ್ಲಿ ಮುನಿನಾರಾಯಣಪ್ಪನವರ ಮುಖಪರಿಚಯ ಇಲ್ಲದವರು ಇದ್ದಾರು, ಅವರ ಗೊರಕೆಯ ಪರಿಚಯ ಇಲ್ಲದವರು ಇರಲಿಲ್ಲ.

ಅವರಪ್ಪನ ಕಾಲದಲ್ಲಿ ದಂಟುಸೊಪ್ಪು, ಕೊತ್ತಂಬರಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಮೂರಂತಸ್ತಿನ ಮನೆ ನಿಂತಿದೆ. ಕೆಳಗೆ ಇನಾಯತ್ ಉಲ್ಲಾ ಅವರ ಹಾಸಿಗೆ ದಿಂಬಿನ ಅಂಗಡಿ. ನಡುವೆ ಮುನಿನಾರಾಯಣಪ್ಪ ಮತ್ತು ಅವರ ಹೆಂಡತಿ ಆಂಜನಮ್ಮ. ಮೇಲೆ ಬಾಡಿಗೆಗೆ ದಿವ್ಯ ಮತ್ತು ಅವಳ ಗಂಡ. ದಿವ್ಯ ಬಂದ ಹೊಸದರಲ್ಲಿ ರಾತ್ರಿ ಹೊತ್ತು ಗೂಡ್ಸ್ ರೈಲು ಹೋಗುತ್ತದೆ ಅಂದುಕೊಂಡಿದ್ದಳು. ರೈಲಾದರೆ ಎಂದಾದರೂ ಮುಂದಕ್ಕೆ ಹೋಗಬೇಕಲ್ಲ, ಇದು ನಿಂತಲ್ಲೇ ನಿಂತಿದೆಯಲ್ಲ ಎಂಬ ಅನುಮಾನ ಅವಳಿಗೆ ಬರಲು ಒಂದು ವಾರ ಹಿಡಿಯಿತು.

ಆ ಗೊರಕೆಗೆ ಇಷ್ಟು ಕೀರ್ತಿ ಬಂದದ್ದು ಆಂಜನಮ್ಮನವರಿಂದ. ಮದುವೆ ಮನೆಯಲ್ಲಿ ಊಟವಾಗಿ ಎಲೆ ಅಡಿಕೆ ಹಾಕಿಕೊಳ್ಳುವ ಹೊತ್ತಿಗೆ ಹೆಂಗಸರೆಲ್ಲ ಅವರ ಸುತ್ತ ಕೂರುತ್ತಿದ್ದರು. "ಆಂಜನಮ್ಮಾ, ನಿಮ್ಮ ಯಜಮಾನ್ರದ್ದು ಒಂದ್ಸಲ ಮಾಡಿ ತೋರ್ಸಿ" ಎಂದರೆ ಸಾಕು, ಅವರು ಸೆರಗು ಸರಿಮಾಡಿಕೊಂಡು ಶುರು ಮಾಡುತ್ತಿದ್ದರು. ಮೊದಲು ತೆಂಗಿನಕಾಯಿ ತುರಿಯುವ ಸದ್ದು. ಆಮೇಲೆ ಬೋರ್‌ವೆಲ್ ಲಾರಿ. ಆಮೇಲೆ ಒಂದು ನಿಶ್ಶಬ್ದ, ಕೇಳುವವರೇ ಉಸಿರು ಹಿಡಿದುಕೊಳ್ಳಬೇಕು, ಅಂಥ ನಿಶ್ಶಬ್ದ. ಕೊನೆಗೆ ಇದ್ದಕ್ಕಿದ್ದಂತೆ ಕುಕ್ಕರ್ ಸಿಡಿದ ಹಾಗೆ ಒಂದು ಗೊರಕ್! ಮೈದುನನ ಮಗಳು ಹಂಸಳ ಮದುವೆಯಲ್ಲಿ ಅವರ ಕೈಗೆ ಮೈಕೇ ಕೊಟ್ಟಿದ್ದರು. ವಿಶೇಷವೆಂದರೆ, ಆ ಕೊನೆಯ ಗೊರಕ್ ಒಂದನ್ನು ಬಿಟ್ಟು ಉಳಿದದ್ದನ್ನು ಆಂಜನಮ್ಮ ಸ್ವಂತ ಕಿವಿಯಿಂದ ಎಂದೂ ಕೇಳಿದವರಲ್ಲ. ಅದೆಲ್ಲ ಮೇಲಿನ ಮನೆಯ ದಿವ್ಯ ಹೇಳಿಕೊಟ್ಟದ್ದು.

ಇನ್ನು ನಿಜ ಹೇಳಿಬಿಡುವುದು ಒಳ್ಳೆಯದು. ಮುನಿನಾರಾಯಣಪ್ಪನವರು ಗೊರಕೆ ಹೊಡೆಯುತ್ತಿರಲಿಲ್ಲ. ಹೊಡೆಯುವುದಕ್ಕೆ ಮೊದಲು ನಿದ್ದೆ ಬರಬೇಕಲ್ಲ.

ಆರು ವರ್ಷದ ಹಿಂದೆ, ಆಂಜನಮ್ಮನಿಗೆ ಮುಟ್ಟು ನಿಂತು ಮೈಯೆಲ್ಲ ಬಿಸಿಬಿಸಿ ಎನ್ನುತ್ತಿದ್ದ ಕಾಲದಲ್ಲಿ, ಒಂದು ರಾತ್ರಿ ಅವರು ತಮ್ಮ ಸದ್ದಿಗೆ ತಾವೇ ಬೆಚ್ಚಿ ಎದ್ದರು. "ಏನ್ರೀ ಅದು?" ಅಂದರು. ಮುನಿನಾರಾಯಣಪ್ಪ ಹೆಂಡತಿಯ ಬೆವರಿದ ಮುಖ ನೋಡಿದರು. ನಿಂದೇ ಕಣೆ ಎನ್ನಲು ಬಾಯಿ ಬರಲಿಲ್ಲ. "ನಾನೇ ಇರ್ಬೇಕು" ಅಂದರು. "ಮಗ್ಗುಲು ತಿರುಗ್ರಿ, ಮನುಷ್ಯರು ಮಲಗೋದು ಬೇಡ್ವಾ" ಎಂದು ಗದರಿಸಿ ಆಂಜನಮ್ಮ ಮತ್ತೆ ಗೊರಕೆ ಹೊಡೆಯತೊಡಗಿದರು. ಇವರು ಮಗ್ಗುಲು ತಿರುಗಿದರು. ಅಂದಿನಿಂದ ದಿನವೂ ಇದೇ. ಕಮರ್ಷಿಯಲ್ ಸ್ಟ್ರೀಟಿನಿಂದ ಹೆಂಡತಿಗೆ ಸೀರೆ ತಂದು ಕೊಡುವ ಗಂಡಂದಿರು ಬೇಕಾದಷ್ಟಿದ್ದಾರೆ. ಆರು ವರ್ಷ ದಿನಾ ಮಗ್ಗುಲು ತಿರುಗಿ ಕೊಟ್ಟವರು ಎಷ್ಟಿದ್ದಾರೋ ಗೊತ್ತಿಲ್ಲ.

ಆಂಜನಮ್ಮನಿಗೆ ಬೆಳಿಗ್ಗೆ ಎದ್ದರೆ ತಲೆನೋವು. ಅವರೆಕಾಯಿ ಸುಲಿಯುತ್ತಾ ಕೂತಲ್ಲೇ ತೂಕಡಿಕೆ. ಮೆಟ್ಟಿಲು ಹತ್ತಿದರೆ ಏದುಸಿರು. ಬಿಪಿ ಮಾತ್ರೆ ಬೇರೆ ಶುರುವಾಗಿತ್ತು. ಯಾರಿಗೆ ಹೇಳಿದರೂ ಒಂದೇ ಮಾತು: "ಈ ವಯಸ್ಸಲ್ಲಿ ಹೆಂಗಸ್ರಿಗೆ ಹಂಗೇ ಕಣಮ್ಮ." ಅವರೂ ಹಾಗೆಯೇ ಎಂದು ಸುಮ್ಮನಾಗಿದ್ದರು.

ಒಂದು ದಿನ ದಿವ್ಯ ತಟ್ಟೆಯಲ್ಲಿ ಕೋಡುಬಳೆ ಹಿಡಿದುಕೊಂಡು ಕೆಳಗಿಳಿದು ಬಂದಳು. ಅವಳು ಆಗ ಬಸುರಿ.

"ಆಂಟಿ, ಬೇಜಾರ್ ಮಾಡ್ಕೋಬೇಡಿ. ಸದ್ದಿಗೇನೋ ನಾವು ಹೊಂದ್ಕೊಂಡಿದೀವಿ. ಆದ್ರೆ ಅಂಕಲ್‌ಗೆ ನಡುವೆ ನಡುವೆ ಉಸಿರೇ ನಿಲ್ಲುತ್ತೆ. ನಾವಿಬ್ರೂ ಮೇಲೆ ಎದ್ದು ಕೂತು ಕಾಯ್ತೀವಿ. ಮತ್ತೆ ಉಸಿರು ಬಂದ್ಮೇಲೇ ಮಲಗೋದು. ಒಂದ್ಸಲ ಡಾಕ್ಟರ್‌ಗೆ ತೋರ್ಸಿ ಆಂಟಿ."

ಆಂಜನಮ್ಮನ ಕೈಯಲ್ಲಿದ್ದ ಕೋಡುಬಳೆ ಮುರಿಯಿತು. ಗಂಡನ ಗೊರಕೆ ನಗುವ ವಿಷಯವಾಗಿತ್ತು, ಉಸಿರು ಹಾಗಲ್ಲವಲ್ಲ. ಮರುದಿನವೇ ಮುನಿನಾರಾಯಣಪ್ಪನವರನ್ನು ಆಟೋದಲ್ಲಿ ಹಾಕಿಕೊಂಡು ಇಂದಿರಾನಗರಕ್ಕೆ ಹೊರಟರು.

ಡಾಕ್ಟರ್ ಜಹನಾರಾ ಸಮಾಧಾನದ ಹೆಂಗಸು. ಒಂದೊಂದೇ ಪ್ರಶ್ನೆ ಕೇಳಿದರು.

"ಬೆಳಿಗ್ಗೆ ಎದ್ದಾಗ ತಲೆನೋವು ಇರುತ್ತಾ?"

ಮುನಿನಾರಾಯಣಪ್ಪ ಯೋಚಿಸಿದರು. ಗೊರಕೆಯನ್ನು ತನ್ನದೆಂದು ಒಪ್ಪಿಕೊಂಡ ಮೇಲೆ ಅದರ ಜೊತೆಗೆ ಬಂದ ತಲೆನೋವನ್ನು ಬೇಡ ಎನ್ನುವುದು ನ್ಯಾಯವಲ್ಲ. "ಇರುತ್ತೆ ಡಾಕ್ಟ್ರೇ" ಅಂದರು.

"ಹಗಲು ನಿದ್ದೆ?"

"ಅವರೆಕಾಯಿ ಸುಲೀತಾ ಸುಲೀತಾನೇ ಬಂದ್ಬಿಡುತ್ತೆ."

"ನೀವು ಅವರೆಕಾಯಿ ಯಾವತ್ರೀ ಸುಲಿದಿದ್ದು?" ಎಂದರು ಆಂಜನಮ್ಮ.

"ಇನ್ನೇನಾದ್ರೂ ತೊಂದ್ರೆ?"

"ಇದ್ದಕ್ಕಿದ್ದಂಗೆ ಮೈಯೆಲ್ಲ ಬಿಸಿಯಾಗಿ ಬೆವರು ಕಿತ್ಕೊಂಡ್ ಬರುತ್ತೆ. ಸುಮ್‌ಸುಮ್ನೆ ಅಳು ಬರುತ್ತೆ."

ಡಾಕ್ಟರ್ ಪೆನ್ನು ಕೆಳಗಿಟ್ಟು ಅರವತ್ತು ವರ್ಷದ ಆ ಮೀಸೆಯ ಮನುಷ್ಯನನ್ನು ಒಮ್ಮೆ ನೋಡಿದರು.

"ಡಾಕ್ಟ್ರೇ, ನಂಗೂ ಇದೆಲ್ಲಾ ಹಂಗೇ ಆಗುತ್ತೆ. ನಂದು ಬಿಡಿ, ವಯಸ್ಸಿಂದು. ಇವ್ರನ್ನ ನೋಡಿ" ಎಂದರು ಆಂಜನಮ್ಮ.

ಡಾಕ್ಟರ್ ಇವರನ್ನೇ ನೋಡಿದರು. ನಿದ್ದೆಯಲ್ಲಿ ಗಂಟಲು ಮುಚ್ಚಿಕೊಂಡು ಉಸಿರು ನಿಲ್ಲುವ ಕಾಯಿಲೆ ಇರಬಹುದು, ಒಂದು ಸಲ ನಿಂತಾಗಲೂ ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಹೃದಯಕ್ಕೆ ರಾತ್ರಿಯೂ ಬಿಡುವಿಲ್ಲದ ಕೆಲಸ, ಹಾಗೇ ಬಿಟ್ಟರೆ ಅಪಾಯ ಎಂದು ಹೇಳಿದರು. ಕೇಳುತ್ತಾ ಕೇಳುತ್ತಾ ಮುನಿನಾರಾಯಣಪ್ಪನವರ ಮುಖ ಬೆಳ್ಳಗಾಯಿತು. ಯಾರ ಹೃದಯ ಎಂದು ಆ ಕೋಣೆಯಲ್ಲಿ ಗೊತ್ತಿದ್ದದ್ದು ಅವರೊಬ್ಬರಿಗೇ. "ಡಾಕ್ಟ್ರೇ, ಒಂದ್ ಮಾತು..." ಎಂದು ಬಾಯಿ ತೆರೆದರು. "ಹೆದರ್ಕೊಂಡಿದಾರೆ ಪಾಪ" ಎಂದು ಆಂಜನಮ್ಮ ಅವರ ಕೈ ಹಿಡಿದುಕೊಂಡರು.

ಅಂದು ಸಂಜೆ ಮನೆಗೆ ಪರೀಕ್ಷೆಯ ಯಂತ್ರ ಬಂತು. ಎದೆಗೊಂದು ಪಟ್ಟಿ, ಬೆರಳಿಗೊಂದು ಕ್ಲಿಪ್ಪು, ಮೂಗಿಗೊಂದು ಸಣ್ಣ ಕೊಳವೆ. ಒಂದು ರಾತ್ರಿ ಹಾಕಿಕೊಂಡು ಮಲಗಿ ಬೆಳಿಗ್ಗೆ ವಾಪಸು ಕೊಡಬೇಕು. ವೈರು ಕಂಡರೆ ಮುನಿನಾರಾಯಣಪ್ಪನವರಿಗೆ ಮೊದಲಿನಿಂದಲೂ ಭಯ. "ಶಾಕ್ ಹೊಡೆಯುತ್ತೇನೋ" ಎಂದು ಮಂಚದ ತುದಿಗೆ ಸರಿದರು.

"ಥೂ, ಮಗು ಥರ ಆಡ್ತೀರಲ್ರೀ! ಇಲ್ನೋಡಿ, ನಾನು ಹಾಕ್ಕೊಂಡು ತೋರಿಸ್ತೀನಿ." ಮಕ್ಕಳಿಗೆ ಕಷಾಯ ಕುಡಿಸುವಾಗ ತಾಯಂದಿರು ಮೊದಲು ತಾವೊಂದು ಗುಟುಕು ಕುಡಿದು ತೋರಿಸುವುದಿಲ್ಲವೇ, ಹಾಗೆ. ಆಂಜನಮ್ಮ ಪಟ್ಟಿ ಬಿಗಿದುಕೊಂಡರು, ಕ್ಲಿಪ್ಪು ಸಿಕ್ಕಿಸಿಕೊಂಡರು, ಕೊಳವೆ ಇಟ್ಟುಕೊಂಡು ದಿಂಬಿಗೆ ತಲೆ ಕೊಟ್ಟರು. "ನೋಡಿ, ಏನಾಯ್ತು? ಏನೂ ಇಲ್ಲ. ಈಗ ನೀವು..." ಎನ್ನುವಷ್ಟರಲ್ಲಿ ತೆಂಗಿನಕಾಯಿ ತುರಿಯುವ ಸದ್ದು ಶುರುವಾಯಿತು.

ಮುನಿನಾರಾಯಣಪ್ಪನವರಿಗೆ ಜೀವಮಾನದಲ್ಲಿ ಎರಡೇ ಎರಡು ಸಲ ಉಪಾಯ ಹೊಳೆದಿದೆ. ಮೊದಲನೆಯದು ಆಂಜನಮ್ಮನನ್ನು ಮದುವೆಯಾಗುವುದಕ್ಕೆ ಹೂಂ ಎಂದದ್ದು. ಎರಡನೆಯದು ಇದು. ಅವರು ಯಂತ್ರ ಬಿಚ್ಚಲಿಲ್ಲ. ಪಕ್ಕದಲ್ಲಿ ಕೂತು ಕಾಯ್ದರು. ನಸುಕಿನಲ್ಲಿ ಮೆಲ್ಲಗೆ ಒಂದೊಂದೇ ಬಿಚ್ಚಿ ಕಣ್ಣುಮುಚ್ಚಿಕೊಂಡು ತಾವು ಹಾಕಿಕೊಂಡರು. ಎದ್ದ ಆಂಜನಮ್ಮ, "ನೋಡಿದ್ರಾ, ಎಷ್ಟು ಸುಲಭ!" ಎಂದು ಗಂಡನ ಬೆನ್ನು ತಟ್ಟಿದರು.

ವರದಿ ಬಂತು. ಮುನಿನಾರಾಯಣಪ್ಪ, ಗಂಡಸು, ಕಾಯಿಲೆ ತೀವ್ರ. ರಾತ್ರಿ ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು ಗಾಳಿ ಊದುವ ಯಂತ್ರ ಇಟ್ಟುಕೊಂಡು ಮಲಗಬೇಕು, ಅದಕ್ಕೆ ಮೊದಲು ಹೃದಯದ ಪರೀಕ್ಷೆ ಆಗಬೇಕು ಎಂದರು ಡಾಕ್ಟರ್. ಮುನಿನಾರಾಯಣಪ್ಪ ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಯಂತ್ರ ಬರಲಿ, ದಿನಾ ರಾತ್ರಿ ಹೆದರಿದರಾಯಿತು, ಇವಳು ದಿನಾ ಹಾಕಿಕೊಂಡು ತೋರಿಸುತ್ತಾಳೆ. ಹೃದಯದ ಪರೀಕ್ಷೆಗೆ ಮಾತ್ರ ಯಾವ ಉಪಾಯವೂ ಹೊಳೆಯಲಿಲ್ಲ. ಎರಡರ ಕೋಟಾ ಮುಗಿದಿತ್ತು.

ಸುದ್ದಿ ಹೊರಮಾವು ಮುಟ್ಟಿತು. ಅಲ್ಲಿದ್ದ ತಮ್ಮ ಮುನಿವೆಂಕಟಪ್ಪ ಒಂದು ಬುಟ್ಟಿ ಸೇಬು ಹಿಡಿದು ಬಂದು ಬಾಗಿಲಲ್ಲೇ ಅತ್ತ. "ಅಣ್ಣಾ, ನೀನು ಮಾತಾಡ್ಬೇಡ, ಹೃದಯಕ್ಕೆ ಶ್ರಮ. ಅತ್ತಿಗೆ, ಅವ್ನ ಕೈಲಿ ಪೇಪರ್ ಕೂಡ ಓದಿಸ್ಬೇಡಿ." ಇನಾಯತ್ ಉಲ್ಲಾ ಅಂಗಡಿಯಿಂದ ಒಳ್ಳೆಯದೊಂದು ದಿಂಬನ್ನು ಆರಿಸಿ ತಂದರು. "ಅಕ್ಕಾ, ಫಿಕರ್ ಮಾಡ್ಬೇಡಿ. ಇದ್ರ ಮೇಲೆ ಮಲಗಿದ್ರೆ ನವಾಬ್ರಂಗೆ ನಿದ್ದೆ ಬರುತ್ತೆ ಅಣ್ಣಾವ್ರಿಗೆ. ದುಡ್ಡಿನ ಮಾತಾಡಿದ್ರೆ ನಂಗೆ ಬೇಜಾರಾಗುತ್ತೆ." ಮುದ್ದೆ ಹೋಯಿತು, ಓಟ್ಸ್ ಗಂಜಿ ಬಂತು. ಭಾನುವಾರದ ಮಟನ್ ಸಾರಿನ ಪರಿಮಳ ಮಾತ್ರ ಪಕ್ಕದ ಮನೆಯಿಂದ ಬಂದು ಹೋಗುತ್ತಿತ್ತು.

ಇದನ್ನೆಲ್ಲ ಸಹಿಸಬಹುದಿತ್ತು. ಆದರೆ ಆಂಜನಮ್ಮ ಗಂಡನ ಪ್ರಾಣಕ್ಕಾಗಿ ಹರಕೆ ಹೊತ್ತುಬಿಟ್ಟರು. ಉಪವಾಸವಿದ್ದು ಬೀದಿಯ ಮುನೇಶ್ವರನ ಗುಡಿಗೆ ದಿನಾ ನೂರೆಂಟು ಪ್ರದಕ್ಷಿಣೆ! ಏದುಸಿರು ಬಿಡುತ್ತಾ ಸುತ್ತುತ್ತಿದ್ದ ಹೆಂಡತಿಯ ಹಿಂದೆ ಮುನಿನಾರಾಯಣಪ್ಪ ಒಂದು ಪ್ಲಾಸ್ಟಿಕ್ ಕುರ್ಚಿಯನ್ನು ತಲೆಯ ಮೇಲೆ ಹೊತ್ತು ತಾವೂ ಸುತ್ತತೊಡಗಿದರು. "ಕೂತ್ಕೊಳ್ಳೇ, ಸ್ವಲ್ಪ ಕೂತ್ಕೊಳ್ಳೇ" ಎಂದು ಬೇಡುವುದು, ಆಕೆ ಕೂರದಿರುವುದು. ನೋಡಿದವರು, "ಆಂಜನಮ್ಮನಿಗೆ ಕರುಣೆ ಅನ್ನೋದೇ ಇಲ್ವಲ್ಲ, ಸಾಯೋ ಗಂಡನ ತಲೆ ಮೇಲೆ ಕುರ್ಚಿ ಹೊರಿಸಿದಾಳೆ" ಎಂದು ಮಾತಾಡಿಕೊಂಡರು.

ಮೂರನೆಯ ದಿನ ಆಂಜನಮ್ಮ ಗುಡಿಯ ಕಂಬ ಹಿಡಿದು ನಿಂತುಬಿಟ್ಟರು. ಬಾಯಿಂದ ಮಾತು ಬರಲು ಸ್ವಲ್ಪ ಹೊತ್ತು ಹಿಡಿಯಿತು. ಬಂದಾಗ, "ಇನ್ನೊಂದ್ ಸುತ್ತು ಹಾಕ್ಬಿಡ್ತೀನಿ, ನಿಮಗೆ ಒಳ್ಳೇದಾಗುತ್ತೆ" ಅಂದರು. ಮುನಿನಾರಾಯಣಪ್ಪ ಕುರ್ಚಿ ಕೆಳಗಿಟ್ಟರು. ನಾಳೆ ಡಾಕ್ಟರ ಮುಂದೆ ಹೇಳಿಬಿಡುವುದೇ ಸರಿ ಎಂದು ಅಲ್ಲೇ ಮುನೇಶ್ವರನ ಎದುರಿಗೆ ತೀರ್ಮಾನ ಮಾಡಿದರು. ಮೈಕಿನಲ್ಲಿ ನಗಿಸಿದ ಹೆಂಗಸನ್ನು ನೋಡಿ ಊರು ನಕ್ಕರೂ ನಗಲಿ, ಇವಳು ಇರಲಿ.

ಹೃದಯದ ಪರೀಕ್ಷೆ ಎಂದ ಮೇಲೆ ಒಬ್ಬರೇ ಹೋಗುವುದುಂಟೇ? ಮುನಿವೆಂಕಟಪ್ಪ ಬಂದ. ಇನಾಯತ್ ಉಲ್ಲಾ ಅಂಗಡಿಗೆ ಬಾಗಿಲು ಹಾಕಿಕೊಂಡು ಬಂದರು. ಹೇಳುವುದಕ್ಕೆ ಸಮಯವನ್ನೇ ಕೊಡದೆ ನರ್ಸು ಮುನಿನಾರಾಯಣಪ್ಪನವರ ಅಂಗಿ ಬಿಚ್ಚಿಸಿ, ಎದೆಗೆ ವೈರು ಅಂಟಿಸಿ, ಓಡುವ ಯಂತ್ರದ ಮೇಲೆ ನಿಲ್ಲಿಸಿದಳು. ಹುಡುಗನಾಗಿದ್ದಾಗ ಸೈಕಲ್ಲಿಗೆ ಸೊಪ್ಪಿನ ಕಟ್ಟು ಹೇರಿಕೊಂಡು ಹಲಸೂರಿನ ಮಾರ್ಕೆಟ್ಟಿಗೆ ತುಳಿದ ಕಾಲುಗಳು ಅವು. ಯಂತ್ರದ ವೇಗ ಏರಿಸಿದಷ್ಟೂ ಓಡಿದರು. "ಅಂಕಲ್, ಸಾಕಾಯ್ತಾ?" ಎಂದು ಕೇಳಿ ಕೇಳಿ ನರ್ಸಿಗೇ ಆಯಾಸವಾಯಿತು.

ಹೊರಗೆ ಕುರ್ಚಿಗಳ ಸಾಲಿನಲ್ಲಿ ಆಂಜನಮ್ಮ, ಅವರ ಎಡಕ್ಕೆ ಇನಾಯತ್ ಉಲ್ಲಾ, ಬಲಕ್ಕೆ ಮುನಿವೆಂಕಟಪ್ಪ. ಫ್ಯಾನಿನ ಗಾಳಿ ತಣ್ಣಗಿತ್ತು. ಸ್ವಲ್ಪ ಹೊತ್ತಿಗೆ ತೆಂಗಿನಕಾಯಿ ತುರಿಯುವ ಸದ್ದು ಕೇಳಿಸಿತು.

ಮುನಿವೆಂಕಟಪ್ಪ ಕಣ್ಣು ಒರೆಸಿಕೊಂಡ. "ಕೇಳ್ರಿ ಇನಾಯತಣ್ಣ. ನಮ್ಮಣ್ಣಂದು."

"ಹೌದು ಪಾಪ. ಇದೇ ಸದ್ದು."

ಬೋರ್‌ವೆಲ್ ಲಾರಿ ಬಂತು. ಇನಾಯತ್ ಉಲ್ಲಾ ಏನೋ ನೆನಪಾದವರಂತೆ ತಲೆ ಎತ್ತಿದರು. "ನಿಮ್ಮಣ್ಣ ಒಳಗಡೆ ಓಡ್ತಾ ಇದಾರಲ್ಲಪ್ಪಾ?"

"ಹೂಂ."

"ಓಡ್ತಾ ಓಡ್ತಾ ಗೊರಕೆ ಹೊಡೀತಾರಾ?"

ಇಬ್ಬರೂ ನಿಧಾನವಾಗಿ ನಡುವಿನ ಕುರ್ಚಿಯ ಕಡೆಗೆ ತಿರುಗಿದರು. ಅಷ್ಟರಲ್ಲಿ ಆ ನಿಶ್ಶಬ್ದ ಬಂತು. ಅಲ್ಲಿ ಕೂತಿದ್ದ ಅಷ್ಟೂ ರೋಗಿಗಳು ತಮ್ಮ ತಮ್ಮ ರೋಗ ಮರೆತು ಕಾದರು. ಆಮೇಲೆ ಕುಕ್ಕರ್ ಸಿಡಿಯಿತು. ಆಂಜನಮ್ಮ ಬೆಚ್ಚಿ ಎದ್ದು, ಕಣ್ಣು ಇನ್ನೂ ಮುಚ್ಚಿರುವಾಗಲೇ ಗದರಿಸಿದರು: "ರೀ! ಮಗ್ಗುಲು ತಿರುಗ್ರಿ!"

ಆ ದನಿಯಲ್ಲಿ ಎಂಥ ಅಧಿಕಾರವಿತ್ತೆಂದರೆ, ಇನಾಯತ್ ಉಲ್ಲಾ ಕೂತಲ್ಲೇ ಮಗ್ಗುಲು ತಿರುಗಿದರು.

ಅದೇ ಗಳಿಗೆಗೆ ಒಳಗಿನ ಬಾಗಿಲು ದಡಾರೆಂದು ತೆರೆಯಿತು. ಬರಿಮೈಯಲ್ಲಿ, ಎದೆಯ ತುಂಬ ವೈರು ಜೋತಾಡಿಸಿಕೊಂಡು, ಬೆವರು ಸುರಿಸುತ್ತಾ ಮುನಿನಾರಾಯಣಪ್ಪ ಓಡಿ ಬಂದರು. ಗುಡಿಯಲ್ಲಿ ಮಾಡಿದ ತೀರ್ಮಾನವೆಲ್ಲ ಆ ಸದ್ದಿಗೆ ಮರೆತೇಹೋಗಿತ್ತು. "ನಂದು! ನಂದೇ ಅದು! ನಾನೇ ಹೊಡ್ದಿದ್ದು!"

ಆಂಜನಮ್ಮ ಗಂಡನನ್ನು ನೋಡಿದರು. ಬಾಯಿ ತೆರೆದು ಕೂತ ಮೈದುನನನ್ನು ನೋಡಿದರು. ಗೋಡೆಯ ಕಡೆ ತಿರುಗಿ ಕೂತಿದ್ದ ಇನಾಯತ್ ಉಲ್ಲಾರನ್ನು ನೋಡಿದರು. ಆಂಜನಮ್ಮ ದಡ್ಡರಲ್ಲ. ಸೆರಗನ್ನು ಬಾಯಿಗೆ ಒತ್ತಿಕೊಂಡರು.

ಡಾಕ್ಟರ್ ಜಹನಾರಾ ಇಬ್ಬರನ್ನೂ ಒಳಗೆ ಕೂರಿಸಿಕೊಂಡು ಬಾಗಿಲು ಹಾಕಿದರು.

"ಯಜಮಾನ್ರೇ, ಆ ರಾತ್ರಿ ಮೆಷಿನ್ ಹಾಕ್ಕೊಂಡಿದ್ದು ಯಾರು?"

ಮುನಿನಾರಾಯಣಪ್ಪ ಕಾಲಿನ ಬೆರಳು ನೋಡಿಕೊಂಡರು. "ಮೊದ್ಲು ಇವ್ಳು. ನಡುವೆ ಇವ್ಳು. ಕೊನೇಲಿ ನಾನು, ಒಂದು ಐದು ನಿಮಿಷ."

ಡಾಕ್ಟರಿಗೆ ನಗು ಬಂತು. ನಕ್ಕು ಮುಗಿಸಿ ಆಂಜನಮ್ಮನ ಕಡೆಗೆ ಕುರ್ಚಿ ತಿರುಗಿಸಿಕೊಂಡರು. "ಅಮ್ಮಾ, ತಪ್ಪು ನಂದೂ ಇದೆ. ಮೊದಲ್ನೇ ದಿನಾನೇ ನೀವು 'ನಂಗೂ ಹಂಗೇ ಆಗುತ್ತೆ' ಅಂದ್ರಿ. ನಾನು ಆಗ್ಲೇ ನಿಮ್ಮನ್ನ ಕೇಳ್ಬೇಕಿತ್ತು. ಮುಟ್ಟು ನಿಂತ್ಮೇಲೆ ಹೆಂಗಸ್ರಲ್ಲಿ ಈ ಕಾಯಿಲೆ ಜಾಸ್ತಿ. ಆದ್ರೆ ತಲೆನೋವು, ಸುಸ್ತು, ನಿದ್ದೆಗೆಡೋದು, ಎಲ್ಲಾನೂ ವಯಸ್ಸಿನ ಲೆಕ್ಕಕ್ಕೆ ಹಾಕ್ಬಿಡ್ತಾರೆ. ಬಿಪಿ ಏರುತ್ತೆ, ಹೃದಯಕ್ಕೆ ಭಾರ ಬೀಳುತ್ತೆ, ಯಾರಿಗೂ ಗೊತ್ತಾಗಲ್ಲ."

"ಹೆಂಗಸು ಗೊರಕೆ ಹೊಡೀತಾಳೆ ಅಂದ್ರೆ ಏನಂತಾರೆ ಡಾಕ್ಟ್ರೇ?" ಎಂದರು ಆಂಜನಮ್ಮ ಸಣ್ಣ ದನಿಯಲ್ಲಿ.

"ಏನಾದ್ರೂ ಅನ್ಲಿ. ಅನ್ನೋರು ಉಸಿರು ತಂದ್ಕೊಡ್ತಾರಾ?"

ಆಂಜನಮ್ಮನ ಹೆಸರಿನಲ್ಲೇ ಎಲ್ಲ ಪರೀಕ್ಷೆ ಮತ್ತೆ ನಡೆಯಿತು. ಹೃದಯದ ಗೋಡೆ ಸ್ವಲ್ಪ ದಪ್ಪವಾಗಲು ಶುರುವಾಗಿದೆ, ಸರಿಯಾದ ಹೊತ್ತಿಗೆ ಬಂದಿದ್ದೀರಿ, ಮಾತ್ರೆ ಮತ್ತು ಮಾಸ್ಕ್ ಎರಡನ್ನೂ ಬಿಡದೆ ಹಾಕಿಕೊಂಡರೆ ಭಯವಿಲ್ಲ ಎಂದರು ಡಾಕ್ಟರ್.

ಗುಟ್ಟು ಹೊರಬಿದ್ದ ದಿನ ಆಟೋದಲ್ಲಿ ವಾಪಸು ಬರುವಾಗ ಬಿರುಗಾಳಿ ಎದ್ದಿತ್ತು.

"ಆರು ವರ್ಷ! ಹಂಸನ ಮದುವೇಲಿ ಮೈಕಲ್ಲಿ ಮಾಡಿ ತೋರ್ಸಿದೀನಲ್ರೀ! ನೀವು ಮುಂದಿನ ಸಾಲಲ್ಲೇ ಕೂತಿದ್ರಿ!"

"ಚೆನ್ನಾಗ್ ಮಾಡ್ದೆ" ಎಂದರು ಮುನಿನಾರಾಯಣಪ್ಪ.

"ಒಂದ್ಸಲಾನಾದ್ರೂ 'ನೀನೇ ಮಗ್ಗುಲು ತಿರುಗು' ಅನ್ಬಾರ್ದಿತ್ತಾ?"

"ನಿಂಗೆ ಬೆಳಿಗ್ಗೆ ತಲೆನೋವು ಇರ್ತಿತ್ತು. ಅದ್ರ ಮೇಲೆ ಇದೊಂದು ಬೇರೆ ಯಾಕೆ ಅಂತ..."

ಆಂಜನಮ್ಮ ಮುಖ ತಿರುಗಿಸಿ ಹೊರಗೆ ನೋಡುತ್ತಾ ಕೂತರು. ರೈಲ್ವೆ ಗೇಟು ಹಾಕಿತ್ತು. ರೈಲು ಹೋಗಿ ಗೇಟು ಎದ್ದರೂ ಅವರು ಕಣ್ಣು ಒರೆಸಿಕೊಳ್ಳುವುದು ಮುಗಿದಿರಲಿಲ್ಲ. ಆಟೋದವನು ಕನ್ನಡಿಯಲ್ಲಿ ನೋಡಿ, ಏನೂ ಕೇಳದೆ, ಗುಂಡಿಗಳನ್ನು ತಪ್ಪಿಸಿಕೊಂಡು ಮೆಲ್ಲಗೆ ಓಡಿಸಿದ.

ದಿವ್ಯಳ ಸೀಮಂತದ ಹೊತ್ತಿಗೆ ಮುನಿವೆಂಕಟಪ್ಪನ ಕೃಪೆಯಿಂದ ವಿಷಯ ಎಲ್ಲರಿಗೂ ಗೊತ್ತಾಗಿತ್ತು. ಎಲೆ ಅಡಿಕೆ ಬಂದರೂ ಯಾರೂ ಆಂಜನಮ್ಮನನ್ನು ಏನೂ ಕೇಳಲಿಲ್ಲ. ಬಳೆಯ ಬಗ್ಗೆ, ಬಿಸಿಲಿನ ಬಗ್ಗೆ ಮಾತಾಡಿದರು. ಆಂಜನಮ್ಮ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಸೆರಗು ಸರಿಮಾಡಿಕೊಂಡು ಎದ್ದು ನಿಂತರು.

"ಯಾಕ್ರಮ್ಮಾ, ಇವತ್ತು ಯಾರಿಗೂ ಬೇಡ್ವಾ? ಇಷ್ಟ್ ದಿನ ನಮ್ಮ ಯಜಮಾನ್ರದ್ದು ಅಂತ ಮಾಡ್ತಿದ್ದೆ. ಇವತ್ತು ನಂದು ಅಂತ ಮಾಡ್ತೀನಿ, ಕೇಳ್ಕೊಳ್ಳಿ."

ತೆಂಗಿನಕಾಯಿಯಿಂದ ಕುಕ್ಕರಿನವರೆಗೆ ಒಂದನ್ನೂ ಬಿಡದೆ ಮಾಡಿದರು. ಹೆಂಗಸರು ಬಿದ್ದು ಬಿದ್ದು ನಕ್ಕರು.

"ನಕ್ಕಾಯ್ತಾ? ಈಗ ಹೇಳಿ, ಬೆಳಿಗ್ಗೆ ತಲೆನೋವು ಯಾರ್ಯಾರಿಗೆ? ಕೂತಲ್ಲೇ ತೂಕಡಿಕೆ ಯಾರಿಗೆ?"

ನಗು ನಿಂತಿತು. ಒಂದು ಕೈ ಮೇಲೆದ್ದಿತು. ಆಮೇಲೆ ಇನ್ನೊಂದು. ಹಿಂದಿನ ಸಾಲಿನಲ್ಲಿದ್ದ ನೂರ್ಜಹಾನ್, ಇನಾಯತ್ ಉಲ್ಲಾ ಅವರ ಹೆಂಡತಿ, ಅವಸರವಾಗಿ ಅಂದರು: "ನಂಗೆ ತಲೆನೋವು ಇದೆ ಅಕ್ಕಾ, ಆದ್ರೆ ನಮ್ಮನೇಲಿ ಗೊರಕೆ ನಮ್ಮ ಯಜಮಾನ್ರದ್ದು."

"ಹಂಗಂತ ಯಾರು ಹೇಳಿದ್ದು?" ಎಂದರು ಆಂಜನಮ್ಮ. "ಅವ್ರೇ ತಾನೆ?"

ಬಾಗಿಲಲ್ಲಿ ಬಾಳೆಹಣ್ಣಿನ ಗೊನೆ ಹಿಡಿದು ನಿಂತಿದ್ದ ಇನಾಯತ್ ಉಲ್ಲಾ ಸದ್ದಿಲ್ಲದೆ ಹಿಂದಕ್ಕೆ ಸರಿದರು.

ಈಗ ನಡುವಿನ ಮಹಡಿಯಲ್ಲಿ ರಾತ್ರಿ ಹೊತ್ತು ಮಾಸ್ಕಿನ ಗಾಳಿಯ ಸಣ್ಣ ಸದ್ದು ಬಿಟ್ಟರೆ ಏನೂ ಇಲ್ಲ. ಆಂಜನಮ್ಮ ಬೆಳಿಗ್ಗೆ ಎದ್ದು ಹಾಡು ಗುನುಗುತ್ತಾರೆ. ಮೆಟ್ಟಿಲನ್ನು ಮಾತಾಡುತ್ತಲೇ ಹತ್ತುತ್ತಾರೆ. ಆರು ವರ್ಷದ ಬಾಕಿ ನಿದ್ದೆಯೆಲ್ಲ ಒಟ್ಟಿಗೆ ಬಂದಂತೆ ಮುನಿನಾರಾಯಣಪ್ಪನವರೂ ದಿಂಬಿಗೆ ತಲೆ ಕೊಟ್ಟ ಕೂಡಲೇ ಕಳೆದುಹೋಗುತ್ತಾರೆ.

ಮೊನ್ನೆ ಬೆಳಿಗ್ಗೆ ದಿವ್ಯ ಮಗುವನ್ನು ಎತ್ತಿಕೊಂಡು ಕೆಳಗೆ ಬಂದಳು. "ಆಂಟಿ, ಮೆಷಿನ್ ಕೆಟ್ಟಿದ್ಯಾ? ರಾತ್ರಿ ಮತ್ತೆ ಸದ್ದು ಬರ್ತಿತ್ತು."

ಕಾಫಿ ಕುಡಿಯುತ್ತಿದ್ದ ಮುನಿನಾರಾಯಣಪ್ಪ ಲೋಟ ಕೆಳಗಿಟ್ಟು ಗಾಬರಿಯಿಂದ ಹೆಂಡತಿಯನ್ನು ನೋಡಿದರು.

ಆಂಜನಮ್ಮ ರಾತ್ರಿ ಕಣ್ಣು ಬಿಟ್ಟುಕೊಂಡು ಆ ಸದ್ದನ್ನು ಮೊದಲಿನಿಂದ ಕೊನೆಯವರೆಗೆ ಕೇಳಿದ್ದರು. ತೆಂಗಿನಕಾಯಿ ತುರಿಯುವ ಭಾಗವನ್ನು ಸ್ವಂತ ಕಿವಿಯಿಂದ ಕೇಳಿದ್ದು ಅದೇ ಮೊದಲು. ಕೇಳಿಸಿಕೊಂಡು, ತಾವೇ ಮಗ್ಗುಲು ತಿರುಗಿದ್ದರು.

"ನಂದೇ ಕಣಮ್ಮ. ಮಾಸ್ಕ್ ಸ್ವಲ್ಪ ಸಡಿಲ ಆಗಿತ್ತು" ಎಂದರು.

"ಸದ್ಯ! ನಾನೇನೋ ಅಂದ್ಕೊಂಡೆ" ಎಂದು ಮುನಿನಾರಾಯಣಪ್ಪ ಕಾಫಿ ಮುಗಿಸಿ ಸ್ನಾನಕ್ಕೆ ಹೋದರು.

ಬಚ್ಚಲಲ್ಲಿ ನೀರಿನ ಸದ್ದು ಶುರುವಾದ ಮೇಲೆ ಆಂಜನಮ್ಮ ಫೋನು ತೆಗೆದುಕೊಂಡು ಡಾಕ್ಟರ್ ಜಹನಾರಾ ಅವರ ಕ್ಲಿನಿಕ್ಕಿಗೆ ಕರೆ ಮಾಡಿದರು. "ನಿದ್ದೆ ಟೆಸ್ಟ್ ಮೆಷಿನ್ ಒಂದ್ಸಲ ಕಳಿಸ್ಕೊಡ್ತೀರಾ? ಹೆಸರು ಮುನಿನಾರಾಯಣಪ್ಪ ಅಂತ ಬರ್ಕೊಳ್ಳಿ. ಹೂಂ, ಹಳೇ ಹೆಸರೇ. ಇಲ್ಲ ಕಣಮ್ಮ, ಈ ಸಲ ಹಾಕ್ಕೊಳೋದೂ ಅವ್ರೇ. ನಾನು ಪಕ್ಕದಲ್ಲಿ ಕೂತು ಕಾಯ್ತೀನಿ."